ಬೋಟಿನ ಮೈಮೇಲಿನ ನಂಬರು

ನಾನು ಓದು ನಿಲ್ಲಿಸಿದ್ದು 1998ರಲ್ಲಿ, ಒಂಬತ್ತನೆಯ ತರಗತಿಯ ಅರ್ಧಕ್ಕೆ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಅಪ್ಪಯ್ಯ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿಗೆ ಕರೆದುಕೊಂಡು ಹೋಗಿ, ಅಲ್ಲಿ ಲೆಕ್ಕ ಬರೆಯುವ ರೈಟರ ಎದುರು ನಿಲ್ಲಿಸಿ, "ಇವ್ನಿಗೆ ಪುಸ್ತ್ಕ ಬ್ಯಾಡ ಅಂಬ್ರ್. ಭಾರ ಹೊರ್ಲಿ, ಗೊತ್ತಾತ್ತ್" ಅಂದು ಹೊರಟುಹೋದರು.

ಗೊತ್ತಾಯಿತು. ಮಂಜುಗಡ್ಡೆಯನ್ನು ಕೊಕ್ಕೆಯಲ್ಲಿ ಎಳೆದು ಪುಡಿ ಮಾಡುವ ಯಂತ್ರದ ಬಾಯಿಗೆ ತಳ್ಳುವುದು ನನ್ನ ಕೆಲಸ. ಬೆರಳ ತುದಿ ಮರಗಟ್ಟಿ, ಸಂಜೆ ಅನ್ನ ಕಲಸುವಾಗ ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಆದರೆ ನಾನು ಮತ್ತೆ ಶಾಲೆಯ ಕಡೆ ತಿರುಗಿ ನೋಡಲಿಲ್ಲ. ಹಟ ಅನ್ನಿ, ಸೊಕ್ಕು ಅನ್ನಿ. ಇವತ್ತಿಗೂ ಎರಡೂ ನನ್ನಲ್ಲಿ ಇವೆ.

ಆ ಪ್ಲಾಂಟಿನಲ್ಲಿ ನಾನು ಕಲಿತ ಮೊದಲ ಪಾಠ ಹೆಸರನ್ನು ನಂಬಬಾರದು ಎಂಬುದು. ಗಂಗೊಳ್ಳಿ ಬಂದರಿನಲ್ಲಿ ಒಂದೇ ದೇವಿಯ ಹೆಸರಿನ ಬೋಟುಗಳು ಐದಿದ್ದವು. ಹೆಸರು ಹಿಡಿದು ಕೂಗಿದರೆ ಐದು ಬೋಟಿನ ತಾಂಡೇಲರೂ ಚುಕ್ಕಾಣಿ ಬಿಟ್ಟು ತಿರುಗಿ ನೋಡುತ್ತಿದ್ದರು. ಒಬ್ಬರಿಗೆ ಹೋಗಬೇಕಾದ ಐಸು ಇನ್ನೊಬ್ಬರ ಬೋಟಿಗೆ ಸುರಿದ ದಿನ ನಾನು ತಿಂದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಮರುದಿನದಿಂದ ಪ್ರತಿ ಬೋಟಿಗೂ ನಾನೇ ಒಂದೊಂದು ನಂಬರು ಕೊಟ್ಟು ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟೆ. ತಿಂಗಳೊಳಗೆ ತಾಂಡೇಲರೇ "ಏಳ್ನೇ ನಂಬ್ರ ಬಂತ್, ಐಸ್ ಬಿಡಾ" ಎಂದು ಕೂಗುವಂತಾಯಿತು.

ಮುಂದೆ ಪ್ಲಾಂಟಿನ ಆಫೀಸಿಗೆ ಕಂಪ್ಯೂಟರ್ ಬಂತು. ರೈಟರು ಅದನ್ನು ಮುಟ್ಟಲು ಹೆದರಿದರು, ನಾನು ಹೆದರಲಿಲ್ಲ. ಮಂಜುಗಡ್ಡೆಗಿಂತ ಹಗುರ ಅಲ್ಲವೇ ಕೀಬೋರ್ಡು? ಅಲ್ಲಿ ಟೈಪಿಂಗ್ ಕಲಿತೆ, ಆಮೇಲೆ ಕುಂದಾಪುರದಲ್ಲಿ ಮದುವೆ ಕಾಗದ ಅಚ್ಚು ಹಾಕುವ ಸಣ್ಣ ಅಂಗಡಿ ಇಟ್ಟೆ, ಮದುವೆ ಕಾಗದದಿಂದ ವೆಬ್‌ಸೈಟಿಗೆ ಬಂದೆ. ಯಾವ ಕೋರ್ಸೂ ಮಾಡಿಲ್ಲ. ಕಲಿತದ್ದೆಲ್ಲ ಕೆಡಿಸಿ, ಮತ್ತೆ ಸರಿ ಮಾಡಿ. ನಾನು ಅರ್ಧಕ್ಕೆ ಬಿಟ್ಟ ಶಾಲೆಯ ವೆಬ್‌ಸೈಟ್ ಮಾಡಿದವನು ನಾನೇ. ಅಲ್ಲಿನ ಮುಖ್ಯೋಪಾಧ್ಯಾಯರು ಕೆಲಸ ನೋಡಿ ಮೆಚ್ಚಿ, "ನೀವು ಓದಿದ್ದು ಎಲ್ಲಿ?" ಅಂದಾಗ, "ಇಲ್ಲೇ ಸರ್, ಆ ಕೊನೆಯ ಕೋಣೆಯಲ್ಲಿ" ಎಂದು ಕೈ ತೋರಿಸಿದೆ. ಎಷ್ಟರವರೆಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಿರಾಕಿಗಳ ಕೆಲಸದ ನಡುವೆ 2011ರಲ್ಲಿ ನನ್ನದೇ ಒಂದು ಬ್ಲಾಗು ಶುರು ಮಾಡಿದೆ. ಐಸ್ ಪ್ಲಾಂಟಿನ ಕಥೆ, ತೆಕ್ಕಟ್ಟೆಯ ನಮ್ಮ ಮನೆಯ ಬಾವಿ, ಹೆಂಡತಿ ಮಾಡುವ ಬಂಗುಡೆ ಮೀನಿನ ಗಸಿ, ಹೀಗೆ ತೋಚಿದ್ದೆಲ್ಲ. ಪ್ರತಿ ಬರಹದ ವಿಳಾಸವೂ ಒಂದು ನಂಬರು. ಬ್ಲಾಗಿನ ಹೆಸರು ಬರೆದು, ಒಂದು ಓರೆಗೆರೆ ಹಾಕಿ, ನಂಬರು ಒತ್ತಿದರೆ ಆ ಪುಟ ಬರುತ್ತದೆ. ಐಸ್ ಪ್ಲಾಂಟಿನ ಗೋಡೆಯ ಬುದ್ಧಿ.

ಎರಡನೆಯ ವರ್ಷ ಬ್ರಹ್ಮಾವರದ ಒಂದು ಹೋಟೆಲಿನ ಫೋಟೋ ತೆಗೆಯಲು ಹೋದವನು ಹಾಗೆಯೇ ಹಂಗಾರಕಟ್ಟೆಗೆ ಹೋಗಿಬಂದೆ. ಹೊಳೆಯ ಬದಿಯ ಚಪ್ಪರದ ಕೆಳಗೆ ಒಬ್ಬ ಹಿರಿಯ ಆಚಾರ್ರು ಮರದ ಬೋಟು ಕಟ್ಟುತ್ತಿದ್ದರು. ನಾನು ಐಸು ಹಾಕಿದ ಬೋಟುಗಳಲ್ಲಿ ಎಷ್ಟೋ ಇವರ ಕೈಯಲ್ಲೇ ಆದದ್ದು ಎಂದು ಅವತ್ತು ತಿಳಿಯಿತು. ಬೋಟಿನ ಮೇಲೆ ದೇವರ ಹೆಸರಿರುತ್ತದೆ, ಅದರ ಮಾಲೀಕ ಸಾಹುಕಾರರ ಫೋನ್ ನಂಬರಿರುತ್ತದೆ, ಮೂಲೆಯಲ್ಲಿ ಪೇಂಟರ ಸಹಿ ಕೂಡ ಇರುತ್ತದೆ. ಕಟ್ಟಿದವರ ಹೆಸರು ಮಾತ್ರ ಇರುವುದಿಲ್ಲ.

"ನಿಮ್ ಹೆಸ್ರ್ ಎಲ್ಲೂ ಬರ್ದಿಲ್ಲೆ ಅಲ್ದಾ ಆಚಾರ್ರೆ?" ಅಂದೆ.

ಅವರು ಮರ ಕೆತ್ತುತ್ತಿದ್ದ ಬಾಚಿ ನಿಲ್ಲಿಸಲಿಲ್ಲ. "ಬರ್ದ್ ಎಂತ ಆಯ್ಕ್? ಮುಳ್ಗಿರೆ ನನ್ ಹೆಸ್ರ್ ಹೇಳ್ತ್ರ್, ತೇಲಿರೆ ದೇವ್ರ್ ಹೆಸ್ರ್ ಹೇಳ್ತ್ರ್."

ಅವತ್ತಿನಿಂದ ಅವರ ಬೋಟು ಕಂಡಲ್ಲೆಲ್ಲ ಫೋಟೋ ತೆಗೆದು, ಅವರಲ್ಲಿ ಕೇಳಿ, ಒಂದೊಂದಕ್ಕೆ ಒಂದೊಂದು ಪುಟ ಬರೆದೆ. ಯಾವ ಮರ, ಎಷ್ಟು ತಿಂಗಳ ಕೆಲಸ, ನೀರಿಗೆ ಇಳಿದ ದಿನ ಏನಾಯಿತು, ಎಲ್ಲ. ಮೊದಲ ಪುಟವನ್ನು ನನ್ನ ಫೋನಿನಲ್ಲಿ ತೋರಿಸಿದಾಗ ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಇದ್ ಎಷ್ಟ್ ದಿನ ಉಳಿತ್ತ್?"

"ನೀವ್ ಹೊಡ್ದ್ ಮೊಳಿ ಉಳ್ದಷ್ಟ್ ದಿನ. ನಂಬ್ರ ಬದ್ಲ್ ಆತಿಲ್ಲೆ. ಇದ್ ನನ್ ಮಾತ್."

"ಮಾತ್ ಮರ ಇದ್ದಾಂಗೆ ಹೈದಾ. ಒಣ್ಗಿದ್ ಮೇಲೇ ಗೊತ್ತಾಪ್ದ್" ಎಂದು ಫೋನು ವಾಪಸು ಕೊಟ್ಟರು.

ನಾನು ಕೊಟ್ಟ ಈ ಮಾತು ನನ್ನನ್ನು ಕಟ್ಟಿಹಾಕಿದ್ದು ನನ್ನ ಭಾವನಿಂದ. ಭಾವ ಅಂದರೆ ಹೆಂಡತಿಯ ತಮ್ಮ, ಬೈಂದೂರಿನವನು; ನಾನು ಅವನಿಗೆ ಭಾವ, ಅವನೂ ನನಗೆ ಭಾವ. ಮೂರು ತಾಲೂಕಿನ ಬೋಟುಗಳ ಮೇಲೆ ಅಕ್ಷರ ಬರೆಯುವ ಪೇಂಟರ್. ಅವನ ಕೈ ಬರಹಕ್ಕೆ ಸರಿಸಾಟಿ ಇಲ್ಲ, ಅವನ ಬಾಯಿಗೂ ಇಲ್ಲ. ಒಂದು ಮಳೆಗಾಲ ಯಾರನ್ನೂ ಕೇಳದೆ ಆಚಾರ್ರ ಒಂದು ಬೋಟಿನ ಕ್ಯಾಬಿನ್ನಿನ ಹಿಂದೆ ನನ್ನ ಬ್ಲಾಗಿನ ಹೆಸರು, ಓರೆಗೆರೆ, ಪುಟದ ನಂಬರು ಬರೆದುಬಿಟ್ಟ. ಆ ಬೋಟು ಮಲ್ಪೆಗೋ ಕಾರವಾರಕ್ಕೋ ಹೋದಾಗ ಅಲ್ಲಿನವರು ನಂಬರು ಒತ್ತಿ ಪುಟ ನೋಡತೊಡಗಿದರು. ಉಳಿದ ಸಾಹುಕಾರರು ಬಿಡುತ್ತಾರೆಯೇ? "ನಮ್ದಕ್ಕೂ ಹಾಕ್" ಎಂದು ಸಾಲು ಹಿಡಿದರು. ಕಳೆದ ವರ್ಷದ ಹೊತ್ತಿಗೆ ಬ್ಲಾಗಿನಲ್ಲಿ ಇನ್ನೂರ ಹದಿನಾಲ್ಕು ಬರಹಗಳಿದ್ದವು. ಅದರಲ್ಲಿ ಆಚಾರ್ರ ಬೋಟು ಮೂವತ್ತೊಂದು. ಮೈಮೇಲೆ ನಂಬರು ಹೊತ್ತು ಸಮುದ್ರಕ್ಕೆ ಹೋಗುತ್ತಿದ್ದವು ಹತ್ತೊಂಬತ್ತು.

ಹೀಗಿರುವಾಗ ಕಳೆದ ಏಪ್ರಿಲಿನಲ್ಲಿ ಹೋಸ್ಟಿಂಗ್ ಕಂಪೆನಿಯಿಂದ ಒಂದು ಮಿಂಚಂಚೆ. ಅವರ ಸರ್ವರು ಹೊಸದಾಗುತ್ತದಂತೆ, ನನ್ನ ಬ್ಲಾಗಿನ ಹಳೆಯ ಸಾಫ್ಟ್‌ವೇರ್ ಆಗಸ್ಟ್ ಕಳೆದ ಮೇಲೆ ಅದರಲ್ಲಿ ನಡೆಯುವುದಿಲ್ಲವಂತೆ. ತಪ್ಪು ಅವರದಲ್ಲ. ಆ ಸಾಫ್ಟ್‌ವೇರ್ ಮಾಡಿದವರೇ ಅದನ್ನು ಕೈಬಿಟ್ಟು ವರ್ಷಗಳಾಗಿದ್ದವು. ಗಿರಾಕಿಗಳಿಗೆಲ್ಲ ಹೊಸದು ಹಾಕಿಕೊಟ್ಟವನು ನನ್ನ ಸ್ವಂತದ್ದನ್ನು ಮುಟ್ಟಿರಲಿಲ್ಲ. ಟೈಲರನ ಅಂಗಿಯ ಗುಂಡಿ ಕಿತ್ತುಹೋಗಿರುವ ಹಾಗೆ.

ಅದೇ ವಾರ ಗಂಗೊಳ್ಳಿಯ ಒಬ್ಬ ಸಾಹುಕಾರರು ಅಂಗಡಿಗೆ ಬಂದರು. ಆಚಾರ್ರಿಂದ ಹೊಸ ಬೋಟು ಕಟ್ಟಿಸುತ್ತಿದ್ದವರು. ಅದೇ ಆಚಾರ್ರ ಕೊನೆಯ ಬೋಟು, ಮಂಡಿ ಕೇಳುವುದಿಲ್ಲ, ಇನ್ನು ಬಾಚಿ ಹಿಡಿಯುವುದಿಲ್ಲ ಎಂದು ಅವರೇ ಹೇಳಿದ್ದರಂತೆ. ಮಳೆ ಕಡಿಮೆಯಾದ ಮೇಲೆ ನೀರಿಗೆ ಇಳಿಸುವ ದಿನ ಅವರಿಗೆ ಶಾಲು ಹೊದಿಸಬೇಕು, ಅವರು ಕಟ್ಟಿದ ಬೋಟುಗಳ ಸಾಹುಕಾರರೆಲ್ಲ ಬರಬೇಕು, ಅಲ್ಲಿ ಒಂದೊಂದೇ ನಂಬರು ಒತ್ತಿ ಎಲ್ಲರಿಗೂ ಪುಟ ತೋರಿಸಬೇಕು. "ಮನ್ಷ್ಯ ಐವತ್ತ್ ವರ್ಷ ಎಂತ ಮಾಡ್ದ ಅಂತ ಎಲ್ಲರೂ ಕಾಣ್ಕ್. ನಿಮ್ ಬ್ಲಾಗ್ ಬಿಟ್ರೆ ಬೇರೆ ಎಲ್ಲೂ ಬರ್ದಿಲ್ಲೆ."

"ಒಂದೂ ತಪ್ಪ್ತಿಲ್ಲೆ, ಸಾಹುಕಾರ್ರೆ" ಅಂದೆ. ಅಂದಮೇಲೆ ಆ ಮಿಂಚಂಚೆಯನ್ನು ತೆರೆದು ಮತ್ತೊಮ್ಮೆ ಓದಿದೆ.

ಬ್ಲಾಗು ಸ್ಥಳಾಂತರಿಸಲು ನಾನು ಆರಿಸಿದ್ದು ಜೂನ್, ಜುಲೈ. ಲೆಕ್ಕ ಸುಲಭ. ಮಳೆಗಾಲದ ಆ ಎರಡು ತಿಂಗಳು ಬೋಟುಗಳು ಸಮುದ್ರಕ್ಕೆ ಹೋಗುವಂತಿಲ್ಲ, ಎಲ್ಲವೂ ದಡದ ಮೇಲೆ. ಬೇರೆ ಬಂದರಿನಲ್ಲಿ ನಂಬರು ಒತ್ತುವವರು ಯಾರು? ಈ ಲೆಕ್ಕವೇ ನನ್ನನ್ನು ಮುಳುಗಿಸಿದ್ದು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲಿಗೆ ಹಳೆಯ ಬ್ಲಾಗು ಇದ್ದಲ್ಲೇ ಇರಲಿ ಎಂದು, ಪಕ್ಕದಲ್ಲಿ ಪರೀಕ್ಷೆಗಾಗಿ ಹೊಸ ಸಾಫ್ಟ್‌ವೇರಿನಲ್ಲಿ ಒಂದು ಬ್ಲಾಗು ತೆರೆದೆ. ಹಳೆಯದರ ಬರಹಗಳನ್ನೆಲ್ಲ ಕಟ್ಟಿ ತಂದು ಇದರಲ್ಲಿ ಬಿಚ್ಚಿದೆ. ಬಿಚ್ಚಿದರೆ ಕನ್ನಡವೇ ಇಲ್ಲ. ಪುಟ ತುಂಬ ಪ್ರಶ್ನೆ ಚಿಹ್ನೆ. ಸಾಲಿಗೆ ನಲವತ್ತು ಪ್ರಶ್ನೆ ಚಿಹ್ನೆ, ನಡುವೆ ಒಂದು 1998, ಮತ್ತೆ ಪ್ರಶ್ನೆ ಚಿಹ್ನೆ. ಅಂಗಡಿಯಲ್ಲಿ ಅಚ್ಚಿನ ಕೆಲಸ ನೋಡಿಕೊಳ್ಳುವವಳು ನನ್ನ ಹೆಂಡತಿ. ಹಿಂದಿನಿಂದ ಇಣುಕಿ ನೋಡಿ, "ಹ್ವಾಯ್, ಒಂಬತ್ತನೇ ಕ್ಲಾಸಿನ ಪರೀಕ್ಷಿ ಪೇಪರ್ ಈಗ ಬಂತಾ?" ಅಂದಳು.

ನಕ್ಕೆ, ಇನ್ನೇನು ಮಾಡಲಿ. ಹಳೆಯ ಸಾಫ್ಟ್‌ವೇರ್ ಕನ್ನಡ ಅಕ್ಷರವನ್ನು ಒಂದು ರೀತಿಯಲ್ಲಿ ಗಂಟು ಕಟ್ಟಿತ್ತು, ಹೊಸದು ಇನ್ನೊಂದು ರೀತಿಯಲ್ಲಿ ಬಿಚ್ಚಲು ನೋಡುತ್ತಿತ್ತು. ಯಾವ ಗಂಟು ಎಂದು ಕಂಡುಹಿಡಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಮಧ್ಯಾಹ್ನ, ಹೊರಗೆ ಧೋ ಎಂದು ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿರುವಾಗ, ಪರದೆಯ ಮೇಲೆ "ಬಂಗುಡೆ" ಎಂಬ ಶಬ್ದ ಸರಿಯಾಗಿ ಮೂಡಿತು. ಅಂಗಡಿಗೆ ಕಾಗದ ಅಚ್ಚು ಹಾಕಿಸಲು ಬಂದಿದ್ದ ಗಿರಾಕಿ ನನ್ನ ಕೂಗು ಕೇಳಿ ಕುರ್ಚಿಯಿಂದ ಎದ್ದು ನಿಂತರು. "ಎಂತ ಆಯ್ತ್?" "ಎಂತ ಇಲ್ಲೆ ಮಾರ್ರೆ, ಬಂಗುಡೆ ಬಂತ್" ಅಂದೆ. ಅವರು ಬಾಗಿಲಾಚೆ ಮೀನಿನ ಗಾಡಿಗಾಗಿ ಹುಡುಕಿದರು.

ಆಮೇಲೆ ವಿಳಾಸದ ಕಾಟ. ಹೊಸ ಸಾಫ್ಟ್‌ವೇರ್ ಬರಹದ ತಲೆಬರಹದಿಂದಲೇ ವಿಳಾಸ ಕಟ್ಟುತ್ತದೆ. ಅದೇ ಚಂದ, ಈಗಿನ ಕ್ರಮ ಅದೇ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮಲ್ಲಿ ಒಂದೇ ದೇವಿಯ ಹೆಸರಿನ ಬೋಟುಗಳು ಐದು. ಸಾಫ್ಟ್‌ವೇರ್ ಮೊದಲನೆಯದಕ್ಕೆ ಹೆಸರು ಹಾಗೆಯೇ ಕೊಟ್ಟು, ಉಳಿದವಕ್ಕೆ ಬಾಲದಲ್ಲಿ ಎರಡು, ಮೂರು, ನಾಲ್ಕು, ಐದು ಎಂದು ಸೇರಿಸಿತು. ಅದನ್ನು ನೋಡಿ ಭಾವ ಬಣ್ಣದ ಡಬ್ಬಿ ಕೆಳಗಿಟ್ಟ.

"ಭಾವ, ಇದನ್ನ ಬಂದ್ರಂಗೆ ಹೇಳ್ಬೇಡಿ. ಒಬ್ರ್ ಬೋಟ್ ಒಂದ್ನೇದ್, ಇನ್ನೊಬ್ರದ್ದ್ ಐದ್ನೇದ್ ಅಂದ್ರೆ ನಿಮ್ಮನ್ನ ಐಸ್ ಹಾಕಿ ಕಳ್ಸ್ತ್ರ್."

ಸರಿ, ಬರೀ ನಂಬರನ್ನೇ ವಿಳಾಸವಾಗಿ ಕೊಡೋಣ ಎಂದರೆ ಅದು ಒಪ್ಪಲಿಲ್ಲ. ಬರೀ ಅಂಕಿ ಕೊಟ್ಟರೆ ಅದನ್ನು ಪುಟಸಂಖ್ಯೆ ಎಂದು ತಿಳಿಯುತ್ತದೆ. ತಾನೇ ಒಳಗೆ ಕೊಟ್ಟುಕೊಂಡ ನಂಬರೋ ಇನ್ನೂ ವಿಚಿತ್ರ. ಅದು ಬರಹವನ್ನು ಮಾತ್ರವಲ್ಲ, ಫೋಟೋಗಳನ್ನೂ ಸೇರಿಸಿ ಎಣಿಸುತ್ತಿತ್ತು. ಹಾಗಾಗಿ ನನ್ನ ಹದಿನೆಂಟನೆಯ ಬರಹ ಅಲ್ಲಿ ತೊಂಬತ್ತಾರಾಗಿತ್ತು, ಅರವತ್ತನೆಯದು ಮುನ್ನೂರ ನಲವತ್ತಾಗಿತ್ತು.

ಕೊನೆಗೆ ನಾನು ಹಿಡಿದದ್ದು ಐಸ್ ಪ್ಲಾಂಟಿನ ದಾರಿಯನ್ನೇ. ಸರ್ವರಿನ ಬಾಗಿಲಲ್ಲಿ ಒಂದು ಪಟ್ಟಿ ಇಟ್ಟೆ. ಯಾರಾದರೂ ಹದಿನೆಂಟು ಎಂದು ಕೇಳಿಕೊಂಡು ಬಂದರೆ ಈ ಪುಟಕ್ಕೆ ಕಳಿಸು, ಹತ್ತೊಂಬತ್ತು ಎಂದು ಬಂದರೆ ಆ ಪುಟಕ್ಕೆ ಕಳಿಸು. ಒಂದು ನಂಬರಿಗೆ ಒಂದು ಸಾಲು, ಒಟ್ಟು ಇನ್ನೂರ ಹದಿನಾಲ್ಕು ಸಾಲು. ಯಂತ್ರದಿಂದಲೇ ಬರೆಸಬಹುದಿತ್ತು, ಮನಸ್ಸು ಬರಲಿಲ್ಲ. ಹೆಂಡತಿ ಒಂದೊಂದೇ ಓದಿದಳು, ನಾನು ಒಂದೊಂದೇ ಬರೆದೆ. ಮೂರು ಬೆಳಗು. ಜುಲೈ ಕೊನೆಯ ವಾರ ಹಳೆಯದನ್ನು ಮುಚ್ಚಿ ಹೊಸದನ್ನು ತೆರೆದೆ. ನಂಬರು ಹೊತ್ತ ಹತ್ತೊಂಬತ್ತು ಬೋಟುಗಳನ್ನೂ ಹಳೆಯ ಪಟ್ಟಿ ಹಿಡಿದು ಒತ್ತಿ ನೋಡಿದೆ. ಒಂದೂ ತಪ್ಪಲಿಲ್ಲ. ಫೋಟೋಗಳಲ್ಲಿ ನಾಲ್ಕು ಮಾತ್ರ ದಾರಿಯಲ್ಲಿ ಕಳೆದುಹೋದವು, ಅವು ನಾಲ್ಕೂ ನನ್ನ ಮುಖದ್ದು. "ಸಾಫ್ಟ್‌ವೇರ್ ಒಳ್ಳೇದೇ ಇತ್ತ್" ಅಂದಳು ಹೆಂಡತಿ.

ಅವತ್ತು ನಾನು ಎದೆ ಉಬ್ಬಿಸಿಕೊಂಡು ಶಾಸ್ತ್ರಿ ಸರ್ಕಲ್ಲಿನವರೆಗೆ ನಡೆದು ಹೋಗಿ ಚಾ ಕುಡಿದು ಬಂದೆ.

ಆಗಸ್ಟಿನಲ್ಲಿ ಬೋಟುಗಳು ಪೂಜೆ ಮುಗಿಸಿ ಸಮುದ್ರಕ್ಕೆ ಇಳಿದವು. ಎರಡನೆಯ ವಾರ, ನಾನು ಊಟಕ್ಕೆ ಕೂರುವಾಗ ಗಂಗೊಳ್ಳಿಯ ಆ ಸಾಹುಕಾರರ ಫೋನು. ಅವರಿಗೆ ಆಚಾರ್ರು ಕಟ್ಟಿದ ಹಳೆಯ ಬೋಟೂ ಒಂದಿದೆ.

"ಹ್ವಾಯ್, ಎಂತ ಕತಿ ಮಾರ್ರೆ ನಿಮ್ದ್? ನಮ್ ಬೋಟ್ ಕಾರವಾರದಂಗೆ ಇತ್ತ್. ಅಲ್ಲಿಯವ ಒಬ್ಬ ಕ್ಯಾಬಿನ್ ಮೇಲಿದ್ ನಂಬ್ರ ಒತ್ತಿರೆ ಬೈಂದೂರ್ ಕಡಿಯವ್ರ್ ಬೋಟ್ ಬಂತಂಬ್ರ್. ನನ್ ಬೋಟನ್ನ ನೀವ್ ಯಾವಾಗ ಮಾರಿದ್ದ್?"

"ನಿಮ್ದ್ ಹದಿನೆಂಟ್ ಅಲ್ದಾ ಸಾಹುಕಾರ್ರೆ? ಸಮಾ ಇತ್ತಲೆ."

"ಹದಿನೆಂಟ್ ಹ್ವಾದ್ ವರ್ಷದ್ದ್. ಈ ವರ್ಷ ತೊಂಬತ್ತಾರ್. ನಿಮ್ ಭಾವನೇ ಬರ್ದದ್ದ್. ಹೊಸ ಸಾಫ್ಟ್‌ವೇರ್, ಹೊಸ ನಂಬ್ರ ಅಂದ."

ಅನ್ನ ಬಾಯಿಗೆ ಹೋಗಲಿಲ್ಲ. ಜೂನಿನಲ್ಲಿ ಪರೀಕ್ಷೆಯ ಬ್ಲಾಗು ತೆರೆದಾಗ, ಫೋಟೋಗಳು ಸರಿಯಾಗಿವೆಯೇ ನೋಡು ಎಂದು ನಾನು ಭಾವನಿಗೆ ಅದರ ಲಿಂಕ್ ಕಳಿಸಿದ್ದೆ. ಅದರಲ್ಲಿ ಪ್ರತಿ ಪುಟದ ಮೂಲೆಯಲ್ಲಿ ಸಾಫ್ಟ್‌ವೇರ್ ತಾನೇ ಕೊಟ್ಟುಕೊಂಡ ಆ ಒಳಗಿನ ನಂಬರು ಕಾಣುತ್ತಿತ್ತು. ಮಳೆಗಾಲವೆಂದರೆ ಬೋಟುಗಳು ದಡದಲ್ಲಿರುವ ಕಾಲ, ಸರಿ. ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಬಳಿಯುವುದು, ಅಕ್ಷರ ಬರೆಯುವುದೂ ಅದೇ ಎರಡು ತಿಂಗಳಲ್ಲಿ. ಐಸ್ ಪ್ಲಾಂಟಿನಲ್ಲಿ ಎಂಟು ಮಳೆಗಾಲ ಇದನ್ನೇ ನೋಡಿದವನು ನಾನು. ಯಾರೂ ನಂಬರು ಓದದ ಕಾಲ ಎಂದುಕೊಂಡೆ, ನಂಬರು ಬರೆಯುವ ಕಾಲ ಎಂಬುದೇ ನೆನಪಾಗಲಿಲ್ಲ.

ಭಾವನಿಗೆ ಫೋನು ಮಾಡಿದೆ. "ಎಂತಕೆ ಬರ್ದದ್ ಮಾರಾಯಾ ತೊಂಬತ್ತಾರ್?"

"ನೀವೇ ಕಳ್ಸಿದ್ದಲ್ದಾ! 'ಎಲ್ಲ ಹೊಸ್ತಾಯ್ತ್ ಭಾವ, ಕಾಣ್' ಅಂದ್ರಿ. ಕಂಡೆ. ಕಂಡದ್ದನ್ನ ಬರ್ದೆ. ಪೇಂಟ್ರ್ ಕೆಲ್ಸ ಅದೇ ಅಲ್ದಾ?"

"ಎಷ್ಟ್ ಬೋಟಿಗ್ ಬರ್ದೆ?"

"ಮೂರಕ್ಕೆ. ಬಾಕಿಯವಕ್ಕೆ ಹಳೇ ಅಕ್ಷರದ್ ಮೇಲೇ ಕೈಯಾಡ್ಸಿದ್ದ್. ಈ ಮೂರಕ್ಕೆ ಪೂರಾ ಕೆರ್ದಿದ್ದೊ."

"ಅಳ್ಸಿ ಬರಿ."

"ಪೂಜಿ ಆದ್ ಬೋಟಿಗಾ? ಭಾವ, ಐಸ್ ಪ್ಲಾಂಟಂಗೆ ಇದ್ದವ್ರ್ ನೀವ್. ನಿಮ್ಗೆ ನಾ ಹೇಳ್ಕಾ?"

ಹೇಳಬೇಕಾಗಿರಲಿಲ್ಲ. ಪೂಜೆ ಮುಗಿದು ಸಮುದ್ರಕ್ಕೆ ಇಳಿದ ಬೋಟಿನ ಅಕ್ಷರವನ್ನು ಮುಂದಿನ ಮಳೆಗಾಲದವರೆಗೆ ನಮ್ಮ ಕಡೆಯ ಸಾಹುಕಾರರು ಮುಟ್ಟಗೊಡುವುದಿಲ್ಲ. ಹಲಗೆ ಸೀಳಿದರೆ ತೇಪೆ ಹಾಕುತ್ತಾರೆ, ಎಂಜಿನ್ ಬದಲಿಸುತ್ತಾರೆ, ಅಕ್ಷರ ಮಾತ್ರ ಅಳಿಸುವುದಿಲ್ಲ. ಆ ವರ್ಷದ ಮೀನು ಅಳಿಸಿಹೋಯಿತು ಎಂದು ಅವರ ಲೆಕ್ಕ.

ಹೆಂಡತಿ ಮೊಸರು ಬಡಿಸುತ್ತ, "ಬೋಟ್ ಬದ್ಲ್ ಮಾಡೂಕ್ ಆತಿಲ್ಲೆ ಅಂದ್ರೆ ನಿಮ್ ಪಟ್ಟಿ ಬದ್ಲ್ ಮಾಡಿ. ಅದಕ್ಕೆ ಪೂಜಿ ಆಯ್ಲಿಲ್ಲೆ ಅಲ್ದಾ?" ಅಂದಳು.

ಅದು ಸರಿಯೇ. ಮೂರರಲ್ಲಿ ಎರಡು ಸುಲಭವಿತ್ತು. ಭಾವ ಬರೆದ ಮುನ್ನೂರ ನಲವತ್ತು, ಏಳುನೂರ ಎಪ್ಪತ್ತೊಂದು ಎಂಬ ನಂಬರಿನ ಬರಹಗಳು ನನ್ನಲ್ಲಿ ಇರಲೇ ಇಲ್ಲ, ಇದ್ದದ್ದೇ ಇನ್ನೂರ ಹದಿನಾಲ್ಕು. ಪಟ್ಟಿಗೆ ಎರಡು ಸಾಲು ಸೇರಿಸಿದೆ, ಮುಗಿಯಿತು. ತೊಂಬತ್ತಾರು ಮಾತ್ರ ಮುಳ್ಳಾಗಿ ಕೂತಿತು. ನನ್ನ ನಿಜವಾದ ತೊಂಬತ್ತಾರನೆಯ ಪುಟ ಬೈಂದೂರಿನ ಕಡೆಯವರ ಬೋಟಿನದು, ಅದರ ಮೈಮೇಲೂ ತೊಂಬತ್ತಾರು ಇದೆ. ಈಗ ಗಂಗೊಳ್ಳಿಯ ಬೋಟಿನ ಮೇಲೂ ತೊಂಬತ್ತಾರು. ಎರಡು ಬೋಟು, ಒಂದು ನಂಬರು, ಎರಡಕ್ಕೂ ಪೂಜೆ ಆಗಿದೆ. ಒಬ್ಬರಿಗೆ ಸರಿ ಮಾಡಿದರೆ ಇನ್ನೊಬ್ಬರಿಗೆ ತಪ್ಪು. ಶಾಲು ಹೊದಿಸುವ ದಿನ ಇಬ್ಬರೂ ಸಾಹುಕಾರರು ಎದುರೆದುರು ಕೂರುತ್ತಾರೆ. ಆಚಾರ್ರ ಒಂದು ಬೋಟಿನ ಜಾಗದಲ್ಲಿ ಇನ್ನೊಂದು ಬರುತ್ತದೆ, ಎಲ್ಲರೂ ನೋಡುತ್ತಿರುವಾಗ. ನಂಬರು ಬದಲಾಗುವುದಿಲ್ಲ ಎಂದು ಮಾತು ಕೊಟ್ಟವನು ನಾನು.

ಹಂಗಾರಕಟ್ಟೆಗೆ ಬೈಕು ಹತ್ತಿದೆ. ಬೈಯಿಸಿಕೊಳ್ಳುವುದಿದ್ದರೆ ಮೊದಲೇ ಬೈಯಿಸಿಕೊಳ್ಳುವುದು ಒಳ್ಳೆಯದು.

ಆಚಾರ್ರು ಹೊಸ ಬೋಟಿನ ಹೊಟ್ಟೆಯ ಕೆಳಗೆ ಕೂತು ಹಲಗೆಯ ಸಂದಿಗೆ ಹತ್ತಿ ತುರುಕುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಸಾಫ್ಟ್‌ವೇರು, ಪರೀಕ್ಷೆಯ ಬ್ಲಾಗು, ಭಾವ, ತೊಂಬತ್ತಾರು. ಅವರು ಉಳಿ ಕೆಳಗಿಟ್ಟು, ಯಾವ ಎರಡು ಬೋಟು ಎಂದು ಕೇಳಿದರು. ಹೇಳಿದೆ. ಒಮ್ಮೆಲೇ ಅವರ ಹೊಟ್ಟೆ ಕುಲುಕತೊಡಗಿತು. ನಗು. ಕಣ್ಣಲ್ಲಿ ನೀರು ಬರುವಷ್ಟು.

"ಏ ಹೈದಾ, ಅವೆರಡಾ? ಬೇರೆ ಯಾವ್ದೂ ಸಿಕ್ಕಿಲ್ಯಾ ನಿನ್ ಕಂಪ್ಯೂಟ್ರಿಗೆ?"

ನಾನು ಬರೆದದ್ದು ಬೇರೆ ಬೇರೆ ವರ್ಷವಾದರೂ ಆ ಎರಡು ಬೋಟುಗಳನ್ನು ಅವರು ಕಟ್ಟಿದ್ದು ಒಂದೇ ವರ್ಷ, ಒಂದೇ ಚಪ್ಪರದಲ್ಲಿ, ಅಕ್ಕಪಕ್ಕ. ಕೊಯ್ದ ಹಲಗೆಗಳಿಗೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿ 'ಇದು ಗಂಗೊಳ್ಳಿಯದು, ಇದು ಬೈಂದೂರಿನದು' ಎಂದು ಬೇರೆ ಬೇರೆ ರಾಶಿ ಇಟ್ಟಿದ್ದರಂತೆ. ಒಂದು ದಿನದ ಗಾಳಿಮಳೆಗೆ ಗುರುತೆಲ್ಲ ತೊಳೆದುಹೋಗಿ, ಮೂರು ಹಲಗೆ ಅದಲುಬದಲಾಗಿ ಹೊಡೆದದ್ದು ಮೊಳೆ ಬಿದ್ದ ಮೇಲೆ ತಿಳಿಯಿತಂತೆ.

"ಬಿಚ್ಚಿಲ್ಯಾ?"

"ಎಂತಕೆ ಬಿಚ್ಚುದ್? ಸಮಾ ಕೂತಿತ್ತ್. ಇಬ್ರ್ ಸಾಹುಕಾರ್ರಿಗೂ ಹೇಳ್ಲಿಲ್ಲೆ. ಅವನ್ ಬೋಟಂಗೆ ಇವನ್ ಹಲ್ಗಿ, ಇವನ್ ಬೋಟಂಗೆ ಅವನ್ ಹಲ್ಗಿ. ಇಷ್ಟ್ ವರ್ಷ ಆಯ್ತ್, ಎರಡೂ ತೇಲ್ತಾ ಇತ್ತಲೆ!"

"ಇದನ್ನ ಬರುಕಾ ಆಚಾರ್ರೆ?"

ಅವರು ಮತ್ತೆ ಉಳಿ ಎತ್ತಿಕೊಂಡರು. "ಬರಿ. ನಾಳಿಂದ ನನ್ ಹತ್ರ ಬೋಟ್ ಕಟ್ಸುಕೆ ಯಾರೂ ಬತ್ತಿಲ್ಲೆ. ಇನ್ ಹೆದ್ರಿಕಿ ಎಂತದ್ದ್?"

ತೊಂಬತ್ತಾರು ಒತ್ತಿದರೆ ಎರಡೂ ಬೋಟು ಒಟ್ಟಿಗೆ ಬರುವ ಒಂದು ಪುಟ ಮಾಡಿದೆ. ಎರಡು ಫೋಟೋ, ನಡುವೆ ಮೂರು ಹಲಗೆಯ ಕಥೆ, ಕೆಳಗೆ 'ನಿಮ್ಮ ಎದುರಿಗಿರುವ ಬೋಟು ಯಾವುದು, ಅದನ್ನು ಒತ್ತಿ' ಎಂದು. ಒತ್ತಿದರೆ ಆಯಾ ಬೋಟಿನ ಪೂರ್ತಿ ಪುಟ. ಇಬ್ಬರು ಸಾಹುಕಾರರಿಗೂ ಕಳಿಸಿದೆ. ಹಲಗೆಯ ವಿಷಯಕ್ಕೆ ಜಗಳ ಆಗುತ್ತದೆಂದು ಕಾದು ಕೂತರೆ ಅದರ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಗಂಗೊಳ್ಳಿಯವರ ತಕರಾರು ಬೇರೆ.

"ಅವ್ರ್ ಬೋಟ್ ಮೇಲೆ, ನಮ್ದ್ ಕೆಳ್ಗಾ?"

ಫೋನಿನ ಪರದೆ ಸಣ್ಣದು, ಅಕ್ಕಪಕ್ಕ ಇಟ್ಟರೂ ಅದರಲ್ಲಿ ಒಂದರ ಕೆಳಗೊಂದು ಬರುತ್ತದೆ. ಎಷ್ಟು ವಿವರಿಸಿದರೂ ಅವರು ಕೇಳಲಿಲ್ಲ. ಕೊನೆಗೆ ಪುಟ ತೆರೆದ ಪ್ರತಿ ಸಲವೂ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬರುವ ಹಾಗೆ ನಾಲ್ಕು ಸಾಲು ಕೋಡ್ ಬರೆದೆ. ಅರ್ಧ ಗಂಟೆ ಬಿಟ್ಟು ಅವರ ಫೋನು: "ಇಪ್ಪತ್ತ್ ಸಲ ಒತ್ತಿ ಕಂಡೆ. ಹತ್ತ್ ಸಲ ನಾವ್ ಮೇಲೆ. ಲಾಯ್ಕ್ ಇತ್ತ್." ನನ್ನ ಇಷ್ಟು ವರ್ಷದ ವೆಬ್ ಕೆಲಸದಲ್ಲಿ ಇಷ್ಟು ಚೊಕ್ಕವಾಗಿ ಪರೀಕ್ಷೆ ಮಾಡಿದ ಗಿರಾಕಿ ಬೇರೊಬ್ಬರಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಹೊಳೆಗೆ ಉಬ್ಬರದ ನೀರು ತುಂಬಿದಾಗ, ಆಚಾರ್ರ ಕೊನೆಯ ಬೋಟನ್ನು ನೀರಿಗೆ ಇಳಿಸಿದರು. ಅದಕ್ಕೆ ನಾನು ಕೊಟ್ಟ ನಂಬರು ಇನ್ನೂರ ಹದಿನೈದು, ಹೊಸ ಸಾಫ್ಟ್‌ವೇರಿನಲ್ಲಿ ನಾನು ಬರೆದ ಮೊದಲ ಬರಹ. ಭಾವ ಅದನ್ನು ಕ್ಯಾಬಿನ್ ಮೇಲೆ ಬರೆಯುವ ಮೊದಲು ನನಗೆ ಮೂರು ಸಲ ಫೋನು ಮಾಡಿದ್ದ. ಎರಡು, ಒಂದು, ಐದು ಎಂದು ಬಿಡಿಬಿಡಿಯಾಗಿ ಓದಿ, "ಖರೆ ಅಲ್ದಾ ಭಾವ? ಆಮೇಲೆ ನನ್ನ ಬೈಯ್ಬೇಡಿ" ಎಂದು.

ಚಪ್ಪರದ ಕೆಳಗೆ ಕುರ್ಚಿ ಹಾಕಿ, ಬಿಳಿ ಬಟ್ಟೆ ಕಟ್ಟಿ, ನನ್ನ ಪ್ರೊಜೆಕ್ಟರ್ ಇಟ್ಟಿದ್ದೆವು. ಸಾಹುಕಾರರು ತಮ್ಮ ತಮ್ಮ ಬೋಟಿನ ನಂಬರು ಕೂಗುವುದು, ನಾನು ಒತ್ತುವುದು, ಬಟ್ಟೆಯ ಮೇಲೆ ಬೋಟು ಮೂಡುವುದು. ಹದಿನಾರು ಬಂತು. ಐವತ್ತೆರಡು ಬಂತು. ಮುನ್ನೂರ ನಲವತ್ತು ಬಂತು. ತೊಂಬತ್ತಾರು ಎಂದು ಎರಡು ಮೂಲೆಯಿಂದ ಎರಡು ಧ್ವನಿ ಒಟ್ಟಿಗೆ ಕೂಗಿದವು. ಎರಡೂ ಬೋಟು ಬಂದವು. ಜನ ಹಲಗೆಯ ಕಥೆ ಓದಿ ನಕ್ಕ ನಗುವಿಗೆ ದಡದ ಕೊಕ್ಕರೆಗಳು ಎದ್ದು ಹೋದವು. ಬೈಂದೂರಿನ ಸಾಹುಕಾರರು ಎದ್ದು ಬಂದು ಗಂಗೊಳ್ಳಿಯವರ ಬೆನ್ನಿಗೆ ಹೊಡೆದು, "ನಮ್ ಹಲ್ಗಿ ವಾಪಸ್ ಕೊಡಿ ಮಾರ್ರೆ" ಅಂದರು. "ಬನ್ನಿ, ನಿಮ್ದನ್ನ ಬಿಚ್ಚ್ಕಂಡ್ ಬನ್ನಿ ಮೊದ್ಲ್" ಅಂದರು ಇವರು.

ಕೊನೆಯ ನಂಬರನ್ನು ಆಚಾರ್ರೇ ಒತ್ತಬೇಕೆಂದು ನಾನು ಕಂಪ್ಯೂಟರನ್ನು ಅವರ ಮುಂದೆ ಇಟ್ಟೆ. ಶಾಲು ಹೆಗಲಿಂದ ಜಾರುತ್ತಿತ್ತು. ಮೊಳೆ ಹಿಡಿದು ಚಪ್ಪಟೆಯಾದ ಬೆರಳು ಎರಡು ಒತ್ತಿತು, ಒಂದು ಒತ್ತಿತು, ಐದನ್ನು ಹುಡುಕಿ ಒತ್ತಿತು. ಬಟ್ಟೆಯ ಮೇಲೆ ಎದುರಿನ ಹೊಳೆಯಲ್ಲಿ ನಿಂತಿದ್ದ ಬೋಟೇ ಮೂಡಿತು, ಕೆಳಗೆ ಅವರ ಹೆಸರು ದೊಡ್ಡದಾಗಿ. ಅವರು ಬಟ್ಟೆ ನೋಡಿದರು, ಹೊಳೆ ನೋಡಿದರು, ಮತ್ತೆ ಬಟ್ಟೆ ನೋಡಿದರು.

"ಒಣ್ಗಿತ್ ಕಾಣ್ ಹೈದಾ" ಅಂದರು.

ಉಳಿದವರಿಗೆ ಆ ಮಾತು ಅರ್ಥವಾಗಲಿಲ್ಲ, ಮಾತು ಮರ ಇದ್ದ ಹಾಗೆ ಎಂದು ಅವತ್ತು ಅವರ ಬಾಯಲ್ಲೇ ಕೇಳಿದ್ದ ನನಗೆ ಆಯಿತು. ನಾನು ಪ್ರೊಜೆಕ್ಟರಿನ ವೈರು ಸರಿ ಮಾಡುವವನ ಹಾಗೆ ತಲೆ ತಗ್ಗಿಸಿಕೊಂಡೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಕುಂದಾಪುರದಲ್ಲಿ ಒಂದು ಅಂಗಡಿ, ಎರಡು ಕಂಪ್ಯೂಟರು, ಒಂದು ಅಚ್ಚಿನ ಯಂತ್ರ. ಒಂದು ಬ್ಲಾಗು, ಅದರಲ್ಲಿ ಇನ್ನೂರ ಹದಿನೈದು ಬರಹ. ಆಚಾರ್ರ ಬೋಟು ಮೂವತ್ತೆರಡು, ಮೈಮೇಲೆ ನಂಬರು ಇರುವವು ಇಪ್ಪತ್ತು. ಬಾಗಿಲ ಪಟ್ಟಿಯಲ್ಲಿ ಇನ್ನೂರ ಹದಿನೇಳು ಸಾಲು. ಕಳೆದುಹೋದ ಫೋಟೋ ನಾಲ್ಕು. ಶಾಲೆ, ಎಂಟೂವರೆ ವರ್ಷ.